ಟಾರ್ಪಾಲಿನ್ ಬಿಗಿಯಾಗಿ ಕಟ್ಟಿದರೆ ಮಳೆನೀರು ನಿಲ್ಲುವುದಿಲ್ಲವೇ?

ಟೆಂಟಿನ ಮುಂದೆ ಕಟ್ಟುವ ಹೊದಿಕೆ, ಅಂಗಳದ ಟಾರ್ಪಾಲಿನ್, ಸಮಾರಂಭದ ಶಾಮಿಯಾನ – ಮಳೆ ಬಂದಾಗ ಇವೆಲ್ಲಕ್ಕೂ ಒಂದೇ ಕಷ್ಟ. ನಡುವೆ ನೀರು ನಿಂತು, ಹೊದಿಕೆ ಹೊಟ್ಟೆ ಬಿಟ್ಟಂತೆ ಜೋತುಬೀಳುತ್ತದೆ. "ಸರಿಯಾಗಿ ಬಿಗಿದಿಲ್ಲ, ಇನ್ನೂ ಎಳೆದು ಕಟ್ಟಿ" ಎಂಬ ಸಲಹೆ ಆಗ ಎಲ್ಲ ಕಡೆಯಿಂದ ಬರುತ್ತದೆ. ಎಳೆದು ಕಟ್ಟಿದರೆ ಸ್ವಲ್ಪ ಹೊತ್ತು ಎಲ್ಲ ಸರಿಯಾದಂತೆ ಕಾಣುತ್ತದೆ. ಜೋರು ಮಳೆ ಬಂದರೆ ಮತ್ತೆ ಅದೇ ಕತೆ. ಇದಕ್ಕೆ ಕಾರಣವೇನು, ಪರಿಹಾರವೇನು ಎಂದು ನೋಡೋಣ.

ನಿಂತ ನೀರಿನ ತೂಕ ಎಷ್ಟು?

1 ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ ಅದು 1 ಲೀಟರ್ ನೀರು, ಅಂದರೆ 1 ಕೆ.ಜಿ. ತೂಕ. 10 ಅಡಿ ಉದ್ದ, 10 ಅಡಿ ಅಗಲದ ಟಾರ್ಪಾಲಿನ್‌ನ ವಿಸ್ತೀರ್ಣ ಸುಮಾರು 9.3 ಚದರ ಮೀಟರ್. ಅದರ ಮೇಲೆ 10 ಮಿ.ಮೀ. ಮಳೆ ಸುರಿದು ಹೊರಗೆ ಹರಿಯದಿದ್ದರೆ 93 ಕೆ.ಜಿ. ಹೊರೆ ಕೂತಂತೆ. 24 ಗಂಟೆಗಳಲ್ಲಿ 64.5 ಮಿ.ಮೀ. ಅಥವಾ ಹೆಚ್ಚು ಮಳೆಯಾದರೆ ಹವಾಮಾನ ಇಲಾಖೆ ಅದನ್ನು ಭಾರಿ ಮಳೆ ಎನ್ನುತ್ತದೆ. ಅಷ್ಟು ಮಳೆಗೆ ಇದೇ ಟಾರ್ಪಾಲಿನ್ ಮೇಲೆ ಬೀಳುವ ನೀರು ಸುಮಾರು 600 ಲೀಟರ್. ಅದರಲ್ಲಿ ಕಾಲುಭಾಗ ನಿಂತರೂ ತೆಳುವಾದ ಪೈಪುಗಳು ಬಾಗಲು ಸಾಕು.

ಇನ್ನೂ ಒಂದು ತೊಂದರೆಯಿದೆ. ಸ್ವಲ್ಪ ನೀರು ನಿಂತೊಡನೆ ಆ ಭಾರಕ್ಕೆ ಬಟ್ಟೆ ತಗ್ಗುತ್ತದೆ. ತಗ್ಗಾದ ಕಡೆಗೆ ಸುತ್ತಲಿನ ನೀರೂ ಹರಿದು ಬರುತ್ತದೆ. ಭಾರ ಹೆಚ್ಚಿ ತಗ್ಗು ಇನ್ನೂ ಆಳವಾಗುತ್ತದೆ. ಹೀಗೆ ನಿಂತ ನೀರು ತನ್ನ ಗುಂಡಿಯನ್ನು ತಾನೇ ದೊಡ್ಡದು ಮಾಡಿಕೊಳ್ಳುತ್ತದೆ. ದೊಡ್ಡ ಕಟ್ಟಡಗಳಿಗೂ ಇದು ತಪ್ಪಿದ್ದಲ್ಲ. 2024ರ ಜೂನ್ ಕೊನೆಯಲ್ಲಿ ಮಧ್ಯಪ್ರದೇಶದ ಜಬಲ್‌ಪುರ ವಿಮಾನ ನಿಲ್ದಾಣದ ಬಟ್ಟೆಯ ಚಾವಣಿಯಲ್ಲಿ ಮಳೆನೀರು ತುಂಬಿ, ಬಟ್ಟೆ ಹರಿದು, ಕೆಳಗಿದ್ದ ಕಾರು ಜಖಂಗೊಂಡಿತ್ತು.

ಬಿಗಿತ ಏಕೆ ಸಾಲದು?

ಬಟ್ಟೆ ಒಣಹಾಕುವ ಹಗ್ಗವನ್ನೇ ನೋಡಿ. ಎಷ್ಟೇ ಬಿಗಿದರೂ ಒಂದು ಒದ್ದೆ ಪಂಚೆ ಹಾಕಿದರೆ ಅದು ಬಾಗಲೇಬೇಕು. 3 ಮೀಟರ್ ಹಗ್ಗದ ನಡುವೆ 20 ಕೆ.ಜಿ. ತೂಗುಹಾಕಿದಾಗ ಹಗ್ಗ 15 ಸೆಂ.ಮೀ. ಬಾಗಿದರೆ, ಅದರ ಎಳೆತ ಸುಮಾರು 100 ಕೆ.ಜಿ. ತೂಕಕ್ಕೆ ಸಮ. ಬಾಗುವುದನ್ನು ಅರ್ಧಕ್ಕೆ ಇಳಿಸಬೇಕಾದರೆ ಎಳೆತ 200 ಕೆ.ಜಿ.ಗೆ ಏರಬೇಕು. ಸ್ವಲ್ಪವೂ ಬಾಗಬಾರದು ಎಂದರೆ ಎಳೆತಕ್ಕೆ ಕೊನೆಯೇ ಇಲ್ಲ. ಅಷ್ಟರೊಳಗೆ ಅಂಚಿನ ರಿಂಗು ಕಿತ್ತುಬರುತ್ತದೆ, ಗೂಟ ಮೇಲೇಳುತ್ತದೆ ಅಥವಾ ಕಂಬ ವಾಲುತ್ತದೆ.

ಬಟ್ಟೆಯ ಗುಣವೂ ಲೆಕ್ಕಕ್ಕೆ ಬರುತ್ತದೆ. ನೈಲಾನ್ ನೀರು ಹೀರಿ ಉದ್ದವಾಗುತ್ತದೆ, ಆದ್ದರಿಂದ ಸಂಜೆ ಬಿಗಿಯಾಗಿ ಕಟ್ಟಿದ್ದು ರಾತ್ರಿ ಮಳೆಗೆ ಸಡಿಲವಾಗುತ್ತದೆ. ಪಾಲಿಯೆಸ್ಟರ್‌ನಲ್ಲಿ ಈ ತೊಂದರೆ ಕಡಿಮೆ. ಹತ್ತಿಯ ಕ್ಯಾನ್ವಾಸ್ ಮತ್ತು ಹತ್ತಿಯ ಹಗ್ಗ ಇದಕ್ಕೆ ತದ್ವಿರುದ್ಧ: ಒದ್ದೆಯಾದಾಗ ಕುಗ್ಗಿ ಇನ್ನೂ ಬಿಗಿಯುತ್ತವೆ.

ಇಳಿಜಾರು ಎಷ್ಟಿರಬೇಕು?

ನೀರನ್ನು ಹರಿಸುವುದು ಬಿಗಿತವಲ್ಲ, ಆಕಾರ. ಮಲೆನಾಡು, ಕರಾವಳಿಯ ಹೆಂಚಿನ ಮಾಡುಗಳು ಇಳಿಜಾರಾಗಿರುವುದು ಇದಕ್ಕಾಗಿಯೇ. ತೆಂಗಿನ ಗರಿಯ ಚಪ್ಪರ ಸಮತಟ್ಟಾಗಿದ್ದರೂ ನೀರು ನಿಲ್ಲುವುದಿಲ್ಲ, ಏಕೆಂದರೆ ಅದು ನೆರಳಿಗೆಂದು ಹಾಕಿದ್ದು. ನೀರು ಸಂದಿಯಲ್ಲಿ ಸೋರಿಹೋಗುತ್ತದೆ. ಅದೇ ಚಪ್ಪರದ ಮೇಲೆ ಪ್ಲಾಸ್ಟಿಕ್ ಹಾಸಿದರೆ ಸಮಸ್ಯೆ ಶುರು.

ಇಳಿಜಾರಿಗೆ ಒಂದು ಸುಲಭ ಲೆಕ್ಕವಿದೆ. ಹೊದಿಕೆಯನ್ನು ಮೊದಲು ಮಟ್ಟವಾಗಿ ಕಟ್ಟಿ, ನಡುವೆ ಎಷ್ಟು ಜೋಲುತ್ತದೆ ಎಂದು ಅಳೆಯಿರಿ. ಒಂದು ಬದಿ ಇನ್ನೊಂದಕ್ಕಿಂತ ಕನಿಷ್ಠ ಅದರ ನಾಲ್ಕರಷ್ಟು ಕೆಳಗಿರಬೇಕು. 10 ಅಡಿಯ ಹೊದಿಕೆ 6 ಇಂಚು ಜೋಲುತ್ತಿದ್ದರೆ ಒಂದು ಬದಿ 2 ಅಡಿ ತಗ್ಗಿನಲ್ಲಿರಬೇಕು. ಆಗ ಬಟ್ಟೆ ಬಾಗಿದ್ದರೂ ನಡುವೆ ಎಲ್ಲೂ ಗುಂಡಿಯಾಗುವುದಿಲ್ಲ. ಅತಿ ತಗ್ಗಿನ ಜಾಗ ಅಂಚೇ ಆಗಿರುತ್ತದೆ. ಮಳೆಯ ಹೊಡೆತಕ್ಕೆ ಬಟ್ಟೆ ಇನ್ನಷ್ಟು ಬಾಗುವುದರಿಂದ ಅರ್ಧ ಅಡಿ ಹೆಚ್ಚಿಗೆ ಇಳಿಸುವುದು ಒಳ್ಳೆಯದು.

ಇದನ್ನು ಮೂರು ರೀತಿ ಮಾಡಬಹುದು:

• ಒಂದು ಬದಿಯ ಎರಡೂ ಕಂಬಗಳನ್ನು ಗಿಡ್ಡ ಮಾಡುವುದು. ಚಿಕ್ಕ ಹೊದಿಕೆಗೆ ಒಂದೇ ಮೂಲೆ ಇಳಿಸಿದರೂ ಸಾಕು.
• ನಡುವೆ ಉದ್ದಕ್ಕೂ ಹಗ್ಗ ಅಥವಾ ಬಿದಿರಿನ ಗಳ ಕಟ್ಟಿ, ಎರಡೂ ಕಡೆ ಇಳಿಬಿಡುವುದು.
• ನಡುವೆ ಎತ್ತರದ ಕಂಬ ಕೊಡುವುದು. ಕಂಬದ ತುದಿ ಬಟ್ಟೆಯನ್ನು ತೂತು ಮಾಡದಂತೆ ಹಳೆಯ ಟೆನಿಸ್ ಚೆಂಡನ್ನೋ ಬಟ್ಟೆಯ ಗಂಟನ್ನೋ ಇಡಬೇಕು.

ನೀರು ಇಳಿಯುವ ಬದಿ ಟೆಂಟಿನ ಬಾಗಿಲ ಕಡೆಗೆ ಇರಬಾರದು. ಗಾಳಿ ಬೀಸುವ ದಿಕ್ಕಿಗೆ ತಗ್ಗಿನ ಬದಿ ಇದ್ದರೆ ಗಾಳಿ ಒಳನುಗ್ಗಿ ಹೊದಿಕೆಯನ್ನು ಎತ್ತುವುದೂ ಕಡಿಮೆ.

ತೂತು ಮಾಡುವುದು, ಕೋಲಿನಿಂದ ತಳ್ಳುವುದು ಸರಿಯೇ?

ನಡುವೆ ತೂತು ಮಾಡಿದರೆ ನೀರು ಇಳಿಯುತ್ತದೆ ನಿಜ. ಆದರೆ ತುಂಬಿ ಬಿಗಿದ ಬಟ್ಟೆಯಲ್ಲಿ ಸಣ್ಣ ತೂತೇ ಉದ್ದದ ಹರಕಾಗಬಹುದು. ಕೋಲಿನಿಂದ ತಳ್ಳುವುದು ಒಂದೆರಡು ಬಕೆಟ್‌ನಷ್ಟು ನೀರಿದ್ದಾಗ ಮಾತ್ರ ಸರಿ. ಹೆಚ್ಚು ನೀರಿದ್ದಾಗ ತಳ್ಳಿದರೆ ಇಡೀ ಹೊರೆ ಒಮ್ಮೆಲೇ ಒಂದು ಬದಿಗೆ ಸರಿದು, ಆ ಬದಿಯ ಕಂಬಗಳು ಮಡಚಿಕೊಳ್ಳಬಹುದು. ಅಂಥ ಹೊದಿಕೆಯ ಕೆಳಗಿನಿಂದ ಮೊದಲು ಎಲ್ಲರನ್ನೂ ಹೊರಗೆ ಕಳಿಸಿ. ಕಂಬಕ್ಕೆ ಸುತ್ತಿದ ದೀಪದ ವೈರುಗಳಿದ್ದರೆ ವಿದ್ಯುತ್ ಸಂಪರ್ಕ ತೆಗೆಯಿರಿ. ಅನಂತರ ಹೊರಗೆ ನಿಂತು, ನೀರಿಗೆ ಹತ್ತಿರದ ಅಂಚನ್ನು ನಿಧಾನವಾಗಿ ಇಳಿಸಿ ನೀರು ಹರಿಯಲು ಬಿಡಿ. ಕಂಬಗಳು ಆಗಲೇ ಬಾಗಿದ್ದರೆ ಹೊದಿಕೆ ಉಳಿಸಲು ಹೋಗಬೇಡಿ, ದೂರ ನಿಲ್ಲಿ.