ಎಕ್ಸೆಲ್ ಹಾಳೆಯ ಕೆಂಪು ಬಣ್ಣ ಕಿವಿಗೆ ಕೇಳುವುದಿಲ್ಲ

ಎಕ್ಸೆಲ್‌ನಲ್ಲಿ ಲೆಕ್ಕ ನೋಡುವುದು ನನ್ನ ನೌಕರಿ. ಶಿವಮೊಗ್ಗ ಜಿಲ್ಲೆಯ ಪತ್ತಿನ ಸಹಕಾರ ಸಂಘವೊಂದರ ಸಾಲ ವಿಭಾಗದಲ್ಲಿದ್ದೇನೆ. ಹುಟ್ಟಿನಿಂದಲೂ ನನಗೆ ಕಣ್ಣು ಕಾಣುವುದಿಲ್ಲ. ಇವೆರಡನ್ನೂ ಒಟ್ಟಿಗೆ ಕೇಳಿದವರು "ಅದು ಹೇಗಮ್ಮ?" ಅನ್ನುತ್ತಾರೆ. ಹೇಗೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ತಕರಾರು ಇರುವುದು ಬೇರೆಯದರ ಮೇಲೆ.

ನನ್ನ ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಇದೆ. ಪರದೆಯ ಮೇಲೆ ಇರುವುದನ್ನು ಓದಿ ಹೇಳುವ ತಂತ್ರಾಂಶ ಅದು. ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ 2006ರಲ್ಲಿ ಅದನ್ನು ಶುರು ಮಾಡಿದರು. ಅವರೂ ಅಂಧರೇ. ಇದಕ್ಕೆ ದುಡ್ಡು ಕೊಡಬೇಕಿಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನನ್ನಂಥ ಎಷ್ಟೋ ಮಂದಿ ಸಂಬಳದ ಕೆಲಸಕ್ಕೆ ಸೇರಲು ಈ ಒಂದು ಸಂಗತಿಯೇ ದಾರಿ ಮಾಡಿಕೊಟ್ಟಿತು. ನಾನು ಮೌಸ್ ಮುಟ್ಟುವುದಿಲ್ಲ. ಆರೋ ಕೀ ಒತ್ತಿ ಒಂದು ಸೆಲ್‌ಗೆ ಹೋದರೆ ಅಲ್ಲಿರುವುದನ್ನು ಓದಿ, ಆಮೇಲೆ 'ಡಿ 17' ಎಂದು ವಿಳಾಸ ಹೇಳುತ್ತದೆ. ಸೆಲ್‌ನಲ್ಲಿ ಫಾರ್ಮುಲಾ ಇದ್ದರೆ ಅದನ್ನೂ ತಿಳಿಸುತ್ತದೆ. ಕಂಟ್ರೋಲ್ ಹಿಡಿದು ಕೆಳಗಿನ ಆರೋ ಒತ್ತಿದರೆ ಪಟ್ಟಿಯ ತುದಿಗೆ ಹೋಗಿ ನಿಲ್ಲುತ್ತೇನೆ. ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗವಾಗುವುದು ಇನ್ನೊಂದು: ತಲೆಬರಹದ ಸಾಲಿನ ಮೊದಲ ಸೆಲ್‌ನಲ್ಲಿ ನಿಂತು ಎನ್‌ವಿಡಿಎ ಕೀ, ಶಿಫ್ಟ್, ಸಿ ಮೂರನ್ನೂ ಒತ್ತಿದರೆ ಸಾಕು, ಅಲ್ಲಿಂದ ಮುಂದೆ ನಾನು ಯಾವ ಕಾಲಂಗೆ ಹೋದರೂ ಅದರ ತಲೆಬರಹ ಮೊದಲು ಕೇಳುತ್ತದೆ. ನಾನೂರನೇ ಸಾಲಿನಲ್ಲಿದ್ದರೂ 'ಬಾಕಿ ಅಸಲು, 42,300' ಎಂದೇ ಕೇಳುತ್ತದೆ. ಮೇಲೆ ಹೋಗಿ ನೋಡಿಬರುವ ಅಗತ್ಯವಿಲ್ಲ. ಓದುವ ವೇಗವನ್ನು ಹೆಚ್ಚಿಸಿಟ್ಟುಕೊಂಡಿದ್ದೇನೆ. ಪಕ್ಕದಲ್ಲಿ ಕೂತವರಿಗೆ ಅದು ಬರೀ ಗುಜುಗುಜು. ನನಗೆ ಪ್ರತಿ ಅಂಕಿಯೂ ಸ್ಪಷ್ಟ.

ಅಂದರೆ ತಂತ್ರಾಂಶ ಸಿದ್ಧವಿದೆ, ಕಲಿತವರೂ ಸಿದ್ಧರಿದ್ದೇವೆ. ಕೆಲಸ ಕೆಡುವುದು ಬೇರೆಯವರು ಮಾಡಿ ಕಳಿಸಿದ ಹಾಳೆ ತೆರೆದಾಗ.

ಸುಸ್ತಿ ಸಾಲದ ಪಟ್ಟಿಯನ್ನೇ ತೆಗೆದುಕೊಳ್ಳಿ. ಆರುನೂರು ಚಿಲ್ಲರೆ ಸಾಲಗಾರರ ಹೆಸರು. ಮೂರು ಕಂತು ಕಟ್ಟದವರ ಸಾಲಿಗೆ ಕೆಂಪು, ಈಗಾಗಲೇ ನೋಟಿಸ್ ಹೋದವರಿಗೆ ಹಳದಿ ಬಳಿದಿರುತ್ತಾರೆ. ಬಳಿದವರಿಗೆ ಅದು ಒಂದೇ ನೋಟಕ್ಕೆ ಸಿಗುವ ಮಾಹಿತಿ. ನನ್ನ ಕಿವಿಗೆ ಆರುನೂರು ಸಾಲೂ ಒಂದೇ ಥರ. ಒಂದು ಸೆಲ್‌ನ ಮೇಲೆ ನಿಂತು ಎನ್‌ವಿಡಿಎ ಕೀ ಮತ್ತು ಎಫ್ ಒತ್ತಿದರೆ ಹಿನ್ನೆಲೆಯ ಬಣ್ಣ ಯಾವುದೆಂದು ಕೇಳಿಸುತ್ತದೆ, ನಿಜ. ಹಾಗೆ ಆರುನೂರು ಸಲ ಒತ್ತುತ್ತಾ ಕೂರಬೇಕೆ? ಒತ್ತಿದರೂ ಬಣ್ಣದ ಹೆಸರು ಸಿಗುತ್ತದೆಯೇ ಹೊರತು ಅದರ ಅರ್ಥ ಸಿಗುವುದಿಲ್ಲ. ಅದು ಬಳಿದವರ ತಲೆಯಲ್ಲೇ ಉಳಿದಿರುತ್ತದೆ.

ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗ ಇಂಥದ್ದೇ ಒಂದು ಪಟ್ಟಿ ಕೊಟ್ಟ. "ಅಕ್ಕಾ, ಕೆಂಪಗಿರೋದೆಲ್ಲ ಸುಸ್ತಿ" ಅಂದ. "ಬಣ್ಣ ಇರ್ಲಿ ಮಾರಾಯ, ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ ಸುಸ್ತಿ ಅಂತ ಬರಿ" ಅಂದೆ. ಬರೆದ. ಆ ಕಾಲಂಗೆ ಫಿಲ್ಟರ್ ಹಾಕಿದೆ, ಆಲ್ಟ್ ಹಿಡಿದು ಕೆಳಗಿನ ಆರೋ ಒತ್ತಿ ಸುಸ್ತಿ ಒಂದನ್ನೇ ಆರಿಸಿದೆ. ಪಟ್ಟಿ ಕೈಗೆ ಬಂತು, ಊರುವಾರು ಎಣಿಕೆಯೂ ಆಯಿತು. ಅಲ್ಲಿಯವರೆಗೆ ಕೆಂಪು ಸಾಲುಗಳನ್ನು ಪರದೆಯ ಮೇಲೆ ಬೆರಳಿಟ್ಟು ಎಣಿಸುತ್ತಿದ್ದವನು ಅವನು. ಈಗ ಯಾರೂ ಹೇಳದೆಯೇ ಆ ಕಾಲಂ ಇಡುತ್ತಾನೆ. ಬಣ್ಣವನ್ನೂ ಬಳಿಯುತ್ತಾನೆ, ಅದಕ್ಕೆ ನನ್ನ ಅಡ್ಡಿಯಿಲ್ಲ.

ಇದಕ್ಕಿಂತ ದೊಡ್ಡ ಕಾಟ ಮರ್ಜ್ ಮಾಡಿದ ಸೆಲ್‌ಗಳದು. ನಮ್ಮ ಕಡೆಯ ವಸೂಲಾತಿ ತಖ್ತೆಗಳಲ್ಲಿ ತಲೆಬರಹ ಎರಡು ಅಂತಸ್ತಿನದು. ಮೇಲೆ ಮೂರು ಸೆಲ್ ಸೇರಿಸಿ 'ಬಾಕಿ', ಪಕ್ಕದಲ್ಲಿ ಮತ್ತೆ ಮೂರು ಸೇರಿಸಿ 'ವಸೂಲಿ'. ಎರಡರ ಕೆಳಗೂ ಅಸಲು, ಬಡ್ಡಿ, ದಂಡಬಡ್ಡಿ. ಕೆಳಗಿನ ಸಾಲನ್ನು ತಲೆಬರಹವೆಂದು ಗುರುತಿಸಿದರೆ ನನಗೆ 'ಬಡ್ಡಿ' ಎಂದು ಎರಡು ಕಡೆ ಕೇಳುತ್ತದೆ. ರೈತ ಕಟ್ಟಬೇಕಾದ ಬಡ್ಡಿಯೋ, ಕಟ್ಟಿದ ಬಡ್ಡಿಯೋ? ಕಾಲಂನ ಅಕ್ಷರ ನೆನಪಿಟ್ಟುಕೊಂಡು ಹೊಂದಿಸಿಕೊಳ್ಳಬೇಕು. ತಪ್ಪಿದರೆ ದುಡ್ಡು ಕಟ್ಟಿದವರ ಮನೆಗೆ ನೋಟಿಸ್ ಹೋಗುತ್ತದೆ. ಒಂದೇ ಸಾಲಿನಲ್ಲಿ 'ಬಾಕಿ ಬಡ್ಡಿ', 'ವಸೂಲಿ ಬಡ್ಡಿ' ಎಂದು ಬರೆದಿದ್ದರೆ ಈ ಆತಂಕವೇ ಇರುತ್ತಿರಲಿಲ್ಲ. ಮರ್ಜ್ ಮಾಡಿದ ಹಾಳೆಯಲ್ಲಿ ಕಂಟ್ರೋಲ್ ಮತ್ತು ಸ್ಪೇಸ್ ಒತ್ತಿ ಒಂದು ಕಾಲಂ ಆರಿಸಹೋದರೆ ಸೇರಿಕೊಂಡ ಕಾಲಂಗಳೆಲ್ಲ ಒಟ್ಟಿಗೆ ಎದ್ದು ಬರುತ್ತವೆ. ಸಾರ್ಟ್ ಮಾಡಹೋದರೆ, ಮರ್ಜ್ ಆದ ಸೆಲ್‌ಗಳೆಲ್ಲ ಒಂದೇ ಅಳತೆಯಲ್ಲಿರಬೇಕು ಎಂದು ಎಕ್ಸೆಲ್ಲೇ ತಕರಾರು ತೆಗೆಯುತ್ತದೆ. ಆ ಸಂದೇಶ ಕಣ್ಣಿದ್ದವರಿಗೂ ಬರುವಂಥದ್ದು.

ಸಂಘದ ಹೆಸರು ಹಾಳೆಯ ನಡುವೆ ಚೆಂದವಾಗಿ ಕಾಣಬೇಕು ಎನ್ನುವವರಿಗೂ ದಾರಿಯಿದೆ. ಬೇಕಾದ ಸೆಲ್‌ಗಳನ್ನು ಆರಿಸಿ ಕಂಟ್ರೋಲ್ ಮತ್ತು 1 ಒತ್ತಿ, ಅಲೈನ್‌ಮೆಂಟ್‌ನಲ್ಲಿ 'ಸೆಂಟರ್ ಅಕ್ರಾಸ್ ಸೆಲೆಕ್ಷನ್' ಎಂಬುದನ್ನು ಕೊಡಿ. ಹೆಸರು ನಡುವೆಯೇ ಕಾಣುತ್ತದೆ, ಸೆಲ್‌ಗಳು ಬೇರೆಬೇರೆಯಾಗಿಯೇ ಉಳಿಯುತ್ತವೆ. ಇಷ್ಟು ಸರಳವಾದದ್ದನ್ನು ಕಂಪ್ಯೂಟರ್ ತರಬೇತಿಗಳಲ್ಲಿ ಯಾಕೆ ಹೇಳಿಕೊಡುವುದಿಲ್ಲವೋ ಎಂದು ನನಗೆ ಸಂಕಟವಾಗುತ್ತದೆ.

ಊರಿಗೂ ಊರಿಗೂ ನಡುವೆ ಖಾಲಿ ಸಾಲು ಬಿಡುವುದು ಇನ್ನೊಂದು ರೂಢಿ. ಪಟ್ಟಿ ಅಲ್ಲಿಗೇ ಮುಗಿಯಿತೆಂದು ಎಕ್ಸೆಲ್ ತಿಳಿಯುತ್ತದೆ, ನಾನೂ ಹಾಗೇ ತಿಳಿಯುತ್ತೇನೆ. ಹಾಳೆಯ ಫೋಟೋ ತೆಗೆದು ವಾಟ್ಸ್ಯಾಪ್‌ನಲ್ಲಿ ಕಳಿಸುವವರಿಗೆ ನನ್ನದು ಒಂದೇ ವಿನಂತಿ: ಫೈಲ್ ಕಳಿಸಿ.

ಕನ್ನಡದ್ದೇ ಆದ ಒಂದು ತೊಡಕೂ ಇದೆ. ಹಳೆಯ ನುಡಿ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರುಗಳು ಪರದೆಯ ಮೇಲೆ ಅಚ್ಚ ಕನ್ನಡವಾಗಿ ಕಾಣುತ್ತವಂತೆ. ಒಳಗಿರುವುದು ಇಂಗ್ಲಿಷ್ ಅಕ್ಷರ, ನಡುನಡುವೆ ಪೌಂಡ್‌ನಂಥ ಚಿಹ್ನೆ. ಸ್ಕ್ರೀನ್ ರೀಡರ್ ಒಳಗಿರುವುದನ್ನೇ ಓದುತ್ತದೆ. ಸಾಲಗಾರರ ಹೆಸರಿನ ಜಾಗದಲ್ಲಿ ನನಗೆ ತಲೆಬುಡವಿಲ್ಲದ ಅಕ್ಷರ ಸರಣಿ ಕೇಳುತ್ತದೆ. ಆ ಹೆಸರುಗಳು ಅಕಾರಾದಿಯಾಗಿ ಸಾರ್ಟ್ ಆಗುವುದಿಲ್ಲ, ಯೂನಿಕೋಡ್‌ನಲ್ಲಿ ಹುಡುಕಿದರೆ ಸಿಗುವುದೂ ಇಲ್ಲ. ಯೂನಿಕೋಡ್‌ನಲ್ಲಿ ಬರೆದ ಕನ್ನಡವನ್ನು ಎನ್‌ವಿಡಿಎ ಜೊತೆಗೇ ಬರುವ ಇಸ್ಪೀಕ್ ದನಿ ಓದುತ್ತದೆ. ದನಿ ಒರಟು, ಆದರೆ ಹೆಸರು ತಿಳಿಯುತ್ತದೆ. ಹಳೆಯ ಕಡತಗಳನ್ನು ಬದಲಾಯಿಸಿಕೊಡುವ ಪರಿವರ್ತಕಗಳೂ ಇವೆ. ಹೀಗಿರುವಾಗ ಇನ್ನೂ ಹೊಸ ಪಟ್ಟಿಗಳನ್ನು ಆಸ್ಕಿಯಲ್ಲಿ ಮಾಡುವುದನ್ನು ನಾನು ಒಪ್ಪಲಾರೆ.

"ಒಬ್ಬರಿಗೋಸ್ಕರ ಎಲ್ಲರೂ ಅಭ್ಯಾಸ ಬದಲಿಸಬೇಕೆ?" ಎಂದು ಕೇಳುವವರಿದ್ದಾರೆ. ಕೇಳುವವರು ಕೆಟ್ಟವರಲ್ಲ, ಕೆಲಸದ ಒತ್ತಡ ಅವರಿಗೂ ಇದೆ. ಆದರೆ ಅಂಗವಿಕಲರ ಹಕ್ಕುಗಳ ಕಾಯ್ದೆ 2016 ಸರ್ಕಾರಿ ಹುದ್ದೆಗಳಲ್ಲಿ 4% ಮೀಸಲಿಟ್ಟಿದೆ. ಅದರಲ್ಲಿ 1% ಅಂಧರಿಗೆ ಮತ್ತು ದೃಷ್ಟಿಮಾಂದ್ಯರಿಗೆ. ವಿದ್ಯುನ್ಮಾನ ರೂಪದ ಮಾಹಿತಿ ನಮಗೆ ಬಳಸಲು ಬರುವಂತಿರಬೇಕು ಎನ್ನುವುದೂ ಅದೇ ಕಾಯ್ದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೌಲಭ್ಯಗಳು ಎಟಕುವಂತಿರುವುದನ್ನು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಸೇರಿಸಿತು. ಕೆಲಸಕ್ಕೆ ತೆಗೆದುಕೊಂಡು, ಓದಲಾಗದ ಹಾಳೆ ಕೊಟ್ಟು, ಆಮೇಲೆ "ಪಾಪ, ಇವರಿಗೆ ಕಷ್ಟ" ಎಂದು ಫೋನ್ ಎತ್ತುವ ಮೇಜಿಗೆ ಕಳಿಸುವುದು ಎಷ್ಟೋ ಕಚೇರಿಗಳಲ್ಲಿ ನಡೆಯುತ್ತದೆ. ಬಿ.ಕಾಂ. ಓದಿದವರು ದಿನವಿಡೀ ಕರೆ ವರ್ಗಾಯಿಸುತ್ತಾ ಕೂರುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲಿ.

ನಾನು ಕೇಳುವುದು ಹೊಸ ಯಂತ್ರವನ್ನಲ್ಲ, ಅನುದಾನವನ್ನೂ ಅಲ್ಲ. ಎಕ್ಸೆಲ್‌ನ ರಿವ್ಯೂ ಪಟ್ಟಿಯಲ್ಲಿ 'ಚೆಕ್ ಆಕ್ಸೆಸಿಬಿಲಿಟಿ' ಎಂಬ ಗುಂಡಿ ಇದೆ. ಮರ್ಜ್ ಆದ ಸೆಲ್, ವಿವರಣೆಯಿಲ್ಲದ ಚಿತ್ರ, ಹೆಸರಿಡದ ಹಾಳೆ ಇವನ್ನೆಲ್ಲ ಅದೇ ಹುಡುಕಿ ತೋರಿಸುತ್ತದೆ. ಕಳಿಸುವ ಮುಂಚೆ ಅದನ್ನೊಮ್ಮೆ ಒತ್ತಿ ನೋಡಬೇಕೆಂದು ಪ್ರತಿ ಇಲಾಖೆ, ಪ್ರತಿ ಸಹಕಾರ ಸಂಘ ಒಂದು ಸುತ್ತೋಲೆ ಹೊರಡಿಸಲಿ. ರಾಜ್ಯ ಸರ್ಕಾರಿ ನೌಕರರು 2012ರ ನಿಯಮಗಳ ಪ್ರಕಾರ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸು ಮಾಡಬೇಕು. ಆ ಪರೀಕ್ಷೆಯಲ್ಲಿ ಎರಡು ಅಂತಸ್ತಿನ ತಲೆಬರಹ, ಮರ್ಜ್ ಮಾಡಿದ ಸೆಲ್, ಬಣ್ಣ ಬಳಿದ ಸಾಲುಗಳಿರುವ ಒಂದು ಹಾಳೆ ಕೊಟ್ಟು, ಸ್ಕ್ರೀನ್ ರೀಡರ್ ಬಳಸುವ ಸಹೋದ್ಯೋಗಿ ಓದುವಂತೆ ಇದನ್ನು ಸರಿಪಡಿಸಿ ಎಂದು ಒಂದು ಪ್ರಶ್ನೆ ಕೇಳಲಿ.