ರೋಲ್ ನಂಬರಿದೆ, ಅಂಕ ಎಲ್ಲಿ?

ವಿಶಾಖಪಟ್ಟಣದ ಆರ್.ಕೆ. ಬೀಚಿನಲ್ಲಿ, ಈಗ ಮ್ಯೂಸಿಯಂ ಆಗಿರುವ ಕುರ್ಸುರಾ ಜಲಾಂತರ್ಗಾಮಿಯ ಎದುರು ಬೆಳಗಿನ ಜಾವ ಓಡುವ ಹುಡುಗನಿಗೆ ತನ್ನ ಓಟದ ಬೆಲೆ ಗೊತ್ತು. ಅಗ್ನಿವೀರ ಭರ್ತಿಯಲ್ಲಿ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ 60 ಅಂಕ, ಹತ್ತು ಪುಲ್-ಅಪ್‌ಗೆ 40. ಸೋತರೆ ಎಷ್ಟು ಸೆಕೆಂಡಿಗೆ ಸೋತೆ ಎಂದು ತಿಳಿದೇ ಮನೆಗೆ ಹೋಗುತ್ತಾನೆ.

ಆದರೆ 2023ರಿಂದ ಮೈದಾನಕ್ಕಿಂತ ಮೊದಲು ಕಂಪ್ಯೂಟರ್ ಬಂದಿದೆ. ಒಂದು ಗಂಟೆ, 50 ಪ್ರಶ್ನೆ. ಜನರಲ್ ಡ್ಯೂಟಿಗೆ 100ಕ್ಕೆ 35 ಬಂದರೆ ಪಾಸು. ಕ್ಲರ್ಕ್ ಮತ್ತು ಟೆಕ್ನಿಕಲ್ ವಿಭಾಗಗಳಿಗೆ 200ಕ್ಕೆ 80. ತಪ್ಪು ಉತ್ತರಕ್ಕೆ ಕಾಲು ಭಾಗ ಕಡಿತ. ಪಾಸಾದವರೆಲ್ಲ ಮೈದಾನಕ್ಕೆ ಹೋಗುತ್ತಾರೆಂದು ತಿಳಿದರೆ ಅದು ತಪ್ಪು. ಆಯಾ ಭರ್ತಿ ಕಚೇರಿ ಮೆರಿಟ್ ಪ್ರಕಾರ ಬೇಕಾದಷ್ಟು ಜನರನ್ನಷ್ಟೇ ಕರೆಯುತ್ತದೆ. ಹೊರಬೀಳುವ ಫಲಿತಾಂಶದ ಪಿಡಿಎಫ್‌ನಲ್ಲಿರುವುದು ಬರೀ ರೋಲ್ ನಂಬರುಗಳ ಸಾಲು. 36 ಬಂದು ಉಳಿದವನೂ 70 ಬಂದು ಉಳಿದವನೂ ಆ ಹಾಳೆಯ ಮುಂದೆ ಒಂದೇ. ಈ ಕತ್ತಲಲ್ಲಿ ಬೆಳೆಯುವುದು ಕೋಚಿಂಗ್ ಸೆಂಟರು ಮತ್ತು ‘ಈ ಸಲದ ಕಟ್-ಆಫ್ ಇಷ್ಟೇ’ ಎಂದು ಸಾರುವ ಯೂಟ್ಯೂಬ್ ಜ್ಯೋತಿಷಿಗಳು.

ಪರೀಕ್ಷೆ ಬೇಡವೆಂದು ಯಾರೂ ವಾದಿಸಬೇಕಿಲ್ಲ. ಹಳೆಯ ರ‍್ಯಾಲಿಗಳ ನೂಕುನುಗ್ಗಲು ಕಡಿಮೆಯಾಗಿದೆ. 2025ರಲ್ಲಿ ಭೂಸೇನೆಯ ಪ್ರಶ್ನೆಪತ್ರಿಕೆ ತೆಲುಗು, ಕನ್ನಡ ಸೇರಿ 13 ಭಾಷೆಗಳಲ್ಲಿ ಬಂತು. ಅಲ್ಲಿಯವರೆಗೆ ಶ್ರೀಕಾಕುಳಂನ ಹುಡುಗನೂ ಬೆಳಗಾವಿಯ ಹುಡುಗನೂ ಹಿಂದಿ ಇಲ್ಲವೇ ಇಂಗ್ಲಿಷಿನಲ್ಲೇ ತನ್ನ ಬುದ್ಧಿಯನ್ನು ಸಾಬೀತು ಮಾಡಬೇಕಿತ್ತು. ಎಷ್ಟು ಜನರ ‘ಸಾಮರ್ಥ್ಯದ ಕೊರತೆ’ ಬರೀ ಭಾಷೆಯ ಕೊರತೆಯಾಗಿತ್ತೋ! ನೌಕಾಪಡೆಯಂತೂ ಪೂರ್ವ ಕಮಾಂಡಿನ ಕೇಂದ್ರವನ್ನು ವಿಶಾಖಪಟ್ಟಣದಲ್ಲೇ ಇಟ್ಟುಕೊಂಡೂ ನಾವಿಕರ ಭರ್ತಿ ಪರೀಕ್ಷೆಯನ್ನು ಎರಡೇ ಭಾಷೆಗಳಲ್ಲಿ ನಡೆಸಿಕೊಂಡು ಬಂದಿದೆ.

ಅಮೆರಿಕದಲ್ಲೂ ಸೈನ್ಯದ ಕೆಲಸವನ್ನು ಅಂಕವೇ ಹಂಚುತ್ತದೆ. ಆದರೆ ಅಲ್ಲಿ ಎಎಸ್‌ವಿಎಬಿ ಬರೆದವನಿಗೆ ತನ್ನ ಅಂಕ ಸಿಗುತ್ತದೆ, ಯಾವ ಹುದ್ದೆಗೆ ಎಷ್ಟು ಬೇಕೆಂಬುದು ಗೊತ್ತಿರುತ್ತದೆ, ಸಾಲದಿದ್ದರೆ ತಿಂಗಳ ನಂತರ ಮತ್ತೆ ಬರೆಯಬಹುದು. ಇನ್ನೂ ಸ್ವಾರಸ್ಯದ ಸಂಗತಿಯೊಂದಿದೆ. 1976ರಿಂದ 1980ರವರೆಗೆ ಆ ಪರೀಕ್ಷೆಯ ಅಂಕ ಲೆಕ್ಕ ಹಾಕುವುದರಲ್ಲೇ ತಪ್ಪಾಗಿ, ಅನರ್ಹರೆನಿಸಬೇಕಿದ್ದ ಲಕ್ಷಾಂತರ ಯುವಕರು ಒಳಗೆ ಬಂದುಬಿಟ್ಟರು. ಸೈನ್ಯವೇನೂ ಕುಸಿಯಲಿಲ್ಲ. ಅವರಲ್ಲಿ ಬಹುಪಾಲು ಜನ ತಮ್ಮ ಅವಧಿಯ ಕೆಲಸವನ್ನು ಸರಿಯಾಗಿಯೇ ಮಾಡಿದರೆಂದು ಆಮೇಲಿನ ಅಧ್ಯಯನಗಳು ತೋರಿಸಿದವು.

ವಿಜಯವಾಡದ ಆಟೋನಗರಕ್ಕೆ ಬಂದರೆ ಇದೇ ಮಾತು ಬೇರೆ ರೀತಿಯಲ್ಲಿ ಕಾಣುತ್ತದೆ. ಲಾರಿ ರಿಪೇರಿಯ ಆ ದೊಡ್ಡ ಪೇಟೆಯಲ್ಲಿ ಹತ್ತನೇ ತರಗತಿ ಮುಗಿಸಿ ಸ್ಪ್ಯಾನರ್ ಹಿಡಿದವನು ಎಂಜಿನ್ ಸದ್ದು ಕೇಳಿಯೇ ರೋಗ ಹೇಳಬಲ್ಲ. ಸೇನೆಯ ಟೆಕ್ನಿಕಲ್ ವಿಭಾಗದ ಹೊಸ್ತಿಲು ಮಾತ್ರ ಅವನಿಗಿಲ್ಲ. ಅದಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಪಿಯುಸಿ ಬೇಕು, ಇಲ್ಲವೇ ಐಟಿಐ, ಡಿಪ್ಲೊಮಾದ ಕಾಗದ ಬೇಕು. ಐಟಿಐ ಓದಿದವರಿಗೆ ಬೋನಸ್ ಅಂಕ ಕೊಟ್ಟದ್ದು ಒಳ್ಳೆಯದೇ. ಕಾಗದವಿಲ್ಲದ ಕೈಗೆ ಒಂದು ಪ್ರಾಯೋಗಿಕ ಪರೀಕ್ಷೆಯನ್ನಾದರೂ ಇಡಬಾರದೆ? ಸೇನೆಯ ವರ್ಕ್‌ಶಾಪಿನಲ್ಲಿ ಕೆಟ್ಟುನಿಂತ ಟ್ರಕ್ಕುಗಳಿಗೇನೂ ಬರವಿಲ್ಲ.

ಮೊದಲಿನಂತೆ ಹದಿನೈದು, ಹದಿನೇಳು ವರ್ಷ ದುಡಿದು ಪಿಂಚಣಿಯೊಂದಿಗೆ ಬರುವ ಕಾಲವಾಗಿದ್ದರೆ ಯಾವ ವಿಭಾಗ ಸಿಕ್ಕಿತೆಂಬುದು ಇಷ್ಟು ಸುಡುತ್ತಿರಲಿಲ್ಲ. 2022ರ ಅಗ್ನಿಪಥದ ಪ್ರಕಾರ ನಾಲ್ಕು ವರ್ಷದ ನಂತರ ಕಾಯಂ ಆಗುವವರು ಹೆಚ್ಚೆಂದರೆ 25 ಶೇಕಡಾ. ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿಯೊಂದಿಗೆ, ಪಿಂಚಣಿಯಿಲ್ಲದೆ, ಇಪ್ಪತ್ತರ ಹರೆಯದಲ್ಲೇ ಊರಿಗೆ ಮರಳುತ್ತಾರೆ. ಆಗ ರೇಡಾರ್ ರಿಪೇರಿ ಕಲಿತವನಿಗೂ ಕಾವಲು ನಿಂತವನಿಗೂ ಹೊರಗಿನ ಮಾರುಕಟ್ಟೆ ಒಂದೇ ಸಂಬಳ ಕೊಡುವುದಿಲ್ಲ. ಹದಿನೆಂಟರಲ್ಲಿ ಬರೆದ ಒಂದು ಗಂಟೆಯ ಪರೀಕ್ಷೆ ಇಪ್ಪತ್ತೈದರ ಉದ್ಯೋಗವನ್ನೂ ತೀರ್ಮಾನಿಸಿರುತ್ತದೆ.

ಅಷ್ಟು ಭಾರ ಹೊರುವ ಅಂಕವನ್ನು, ಪ್ರತಿ ಭರ್ತಿ ಕಚೇರಿಯ ಪ್ರತಿ ವಿಭಾಗದ ಕೊನೆಯ ಕಟ್-ಆಫ್ ಸಮೇತ, ಫಲಿತಾಂಶದ ದಿನವೇ ಪ್ರಕಟಿಸಬೇಕು. ರಕ್ಷಣಾ ರಹಸ್ಯ ಇದರಲ್ಲೇನೂ ಇಲ್ಲ. ಐದೂವರೆ ನಿಮಿಷದ ಓಟಕ್ಕೆ ಇಲ್ಲದ ರಹಸ್ಯ ಐವತ್ತು ಪ್ರಶ್ನೆಗಳಿಗೆ ಎಲ್ಲಿಂದ ಬರಬೇಕು? ರೋಲ್ ನಂಬರುಗಳನ್ನು ಆರಿಸಿದ ಕಂಪ್ಯೂಟರಿನಲ್ಲಿ ಆ ಅಂಕಗಳು ಈಗಾಗಲೇ ಇವೆ. ಪಿಡಿಎಫ್‌ಗೆ ಇನ್ನೊಂದು ಕಾಲಂ ಸೇರಿಸಿದರೆ ಸಾಕು.