ಒಂದು ಶಬ್ದಕ್ಕೆ ಒಂದೇ ಅರ್ಥವೇ?

‘ಕನ್ನಡದ ಶಬ್ದಕ್ಕೆ ಹತ್ತು ಅರ್ಥ, ಇಂಗ್ಲಿಷಿನದು ಅಳೆದಿಟ್ಟ ಮಾತು’ ಎನ್ನುವ ಸುಶಿಕ್ಷಿತರು ನಮ್ಮಲ್ಲಿ ಇಂದಿಗೂ ಉಂಟು. ಅವರನ್ನು ನಾವು ಒಂದೇ ಪ್ರಶ್ನೆ ಕೇಳುವೆವು: ‘ರನ್’ ಎಂದರೇನು? ‘ಓಡು’ ಎಂದು ಥಟ್ಟನೆ ಉತ್ತರ ಕೊಟ್ಟಾರು. ಆದರೆ ಕುದುರೆ ಓಡುವದೂ ‘ರನ್’, ನೆಗಡಿಯಾದ ಮೂಗು ಸೋರುವದೂ ‘ರನ್’, ಬಟ್ಟೆ ಬಣ್ಣ ಬಿಡುವದೂ ‘ರನ್’, ಅಂಗಡಿ ನಡೆಸುವದೂ ‘ರನ್’! ಅಮೇರಿಕೆಯ ಉಮೇದುವಾರನು ಚುನಾವಣೆಗೆ ‘ಓಡಿದರೆ’ ಇಂಗ್ಲೆಂಡಿನವನು ನಮ್ಮವನಂತೆಯೇ ‘ನಿಲ್ಲುವನು’. ಆಕ್ಸ್‌ಫರ್ಡ್ ನಿಘಂಟುಕಾರರು ಈ ಒಂದು ಕ್ರಿಯಾಪದಕ್ಕೆ 2011ರ ಹೊತ್ತಿಗೆ 645 ಅರ್ಥಗಳನ್ನು ಎಣಿಸಿದರು. ಅದು ಸಂಪತ್ತಾದರೆ ನಮ್ಮ ‘ಹಿಡಿ’ ಏನು? ಮಳೆ ಹಿಡಿಯುವದು, ತುಕ್ಕು ಹಿಡಿಯುವದು, ಹುಚ್ಚು ಹಿಡಿಯುವದು, ಕೊಡ ನೀರು ಹಿಡಿಯುವದು. ಇದು ಮಾತ್ರ ದಾರಿದ್ರ್ಯವೆಂತು?

ಶಿಕ್ಷಕ ಬಂಧುಗಳೇ, ‘ರನ್ ಎಂದರೆ ಓಡು’ ಎಂದು ಗಿಳಿಪಾಠ ಒಪ್ಪಿಸಿದ ಬಾಲಕನು ಎರಡನೆಯ ವಾಕ್ಯದಲ್ಲಿಯೇ ಎಡವುವನು. ‘ಹಿಡಿ’ಯ ಬಗೆಗಳನ್ನೆಲ್ಲ ಆ ಮಗು ತಾಯಿಯಿಂದಲೇ ಕಲಿತು ಬಂದಿದೆ, ಅದನ್ನೇ ಮುಂದಿಟ್ಟು ಪರಭಾಷೆಯ ಬಗೆಗಳನ್ನು ತಿಳಿಸಿರಿ. ಕನ್ನಡವನ್ನು ತರಗತಿಯಿಂದ ಹೊರಗಟ್ಟಿ ಕಲಿಸಿದ ಇಂಗ್ಲಿಷು ಇಂಗ್ಲಿಷೂ ಆಗದು, ಜ್ಞಾನವೂ ಆಗದು.